ಕರೆಂಟ್ ಹೋದರೂ ಜಾಗ ಮರೆಯದ ನನ್ನ ‘ಗೂಟ’

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಕರೆಂಟ್ ಹೋದರೆ ಎಲ್ಲರ ಮನೆಯಲ್ಲೂ ಫ್ಯಾನ್ ನಿಲ್ಲುತ್ತದೆ. ನನ್ನ ರೂಮಿನಲ್ಲಿ ಫ್ಯಾನಿನ ಜೊತೆಗೇ ಕಂಪ್ಯೂಟರೂ ನಿಲ್ಲುತ್ತದೆ. ಯುಪಿಎಸ್ ಇದೆ, ಆದರೆ ಅದರ ಬ್ಯಾಟರಿಗೆ ವಯಸ್ಸಾಗಿದೆ. ಒಂದು ಸಲ ಕುಂಯ್ ಅನ್ನುತ್ತದೆ, ಅಷ್ಟೇ. ಒಳಗಿನಿಂದ ಹೆಂಡತಿ “ಕರೆಂಟ್ ಹೋತೇನ್ರೀ?” ಅಂತ ಕೇಳುವಷ್ಟರಲ್ಲಿ ಪರದೆ ಕಪ್ಪು.

ನನ್ನ ಕೆಲಸ ಹೇಳಿಬಿಡುತ್ತೇನೆ. ಎಪಿಎಂಸಿ ಯಾರ್ಡಿನ ಕೆಲವು ದಲಾಲಿ ಅಂಗಡಿಗಳಿಗೆ ಬಿಲ್ಲು, ತೂಕದ ಚೀಟಿ, ರೈತರ ಖಾತೆ ನೋಡಿಕೊಳ್ಳುವ ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಅದರ ರಿಪೇರಿಯೂ ನನ್ನದೇ. ಮೆಕ್ಕೆಜೋಳದ ಸೀಸನ್ನಿನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಕಂಪ್ಯೂಟರಿನಲ್ಲಿ ಉಬುಂಟು ಅನ್ನುವ ಲಿನಕ್ಸ್, ಪರದೆಯ ಮೇಲೆ ಯಾವಾಗಲೂ ನಾಲ್ಕು ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಗಳು. ಒಂದು ಯಾವುದೋ ಅಂಗಡಿಯ ಬಿಲ್ ಕೋಡಿನ ಫೋಲ್ಡರಿನಲ್ಲಿ ಕೂತಿರುತ್ತದೆ, ಇನ್ನೊಂದು ಬೇರೆ ಅಂಗಡಿಯ ಬ್ಯಾಕಪ್‌ನಲ್ಲಿ, ಮತ್ತೊಂದು ಲಾಗ್ ಫೈಲುಗಳ ಹತ್ತಿರ. ಫೋಲ್ಡರುಗಳು ಆರೇಳು ಮೆಟ್ಟಿಲು ಆಳ. ಕರೆಂಟ್ ಬಂದ ಮೇಲೆ ನಾಲ್ಕೂ ಟರ್ಮಿನಲ್ ಹೋಮ್ ಫೋಲ್ಡರಿನಲ್ಲಿ ಬಂದು ನಿಲ್ಲುತ್ತವೆ, ಏನೂ ಗೊತ್ತಿಲ್ಲದ ಮಕ್ಕಳ ಹಾಗೆ. ಮತ್ತೆ ಒಂದೊಂದನ್ನೂ ಕೈ ಹಿಡಿದು ಅದರದರ ಜಾಗಕ್ಕೆ ಕರೆದುಕೊಂಡು ಹೋಗಬೇಕು. ಹೋಗಲಿ ಅಂದರೆ, ಎಲ್ಲಿದ್ದೆ ಅನ್ನುವುದೇ ಮರೆತಿರುತ್ತದೆ.

ಟರ್ಮಿನಲ್ ಸದ್ಯಕ್ಕೆ ಕೂತಿರುವ ಫೋಲ್ಡರಿಗೆ ವರ್ಕಿಂಗ್ ಡೈರೆಕ್ಟರಿ ಅನ್ನುತ್ತಾರೆ. ಇದನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಪ್ರತಿ ಪ್ರೊಸೆಸ್‌ಗೂ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ, ಬೇರೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ ನೋಡಲೂಬಹುದು. ‘ಪ್ರಾಕ್’ ಒಳಗೆ ಪ್ರೊಸೆಸ್ ನಂಬರಿನ ಫೋಲ್ಡರಿದೆ, ಅದರೊಳಗೆ ‘ಸಿಡಬ್ಲ್ಯುಡಿ’ ಅಂತ ಒಂದು ಲಿಂಕು. ಆದರೆ ಪ್ರಾಕ್ ಅನ್ನುವುದು ಡಿಸ್ಕಿನ ಮೇಲೆ ಇರುವ ಜಾಗವೇ ಅಲ್ಲ, ಕರ್ನಲ್ ಆ ಹೊತ್ತಿಗೆ ಕಟ್ಟಿ ತೋರಿಸುವ ನೋಟ. ಕರೆಂಟ್ ಹೋದರೆ ಪ್ರೊಸೆಸ್ ಹೋಯಿತು, ಅದರ ಜೊತೆ ಇದೂ ಹೋಯಿತು. ಟರ್ಮಿನಲ್ಲಿನೊಳಗೆ ನಮ್ಮ ಆಜ್ಞೆ ಓದಿ ಓಡಿಸುವ ಪ್ರೋಗ್ರಾಂಗೆ ಶೆಲ್ ಅನ್ನುತ್ತಾರೆ, ನನ್ನದು ಬ್ಯಾಶ್. ಅದರಲ್ಲಿ ಫೋಲ್ಡರುಗಳನ್ನು ಪೇರಿಸಿಡುವ ‘ಪುಶ್‌ಡಿ’, ‘ಪಾಪ್‌ಡಿ’ ಇವೆ. ಫೋಲ್ಡರ್ ಬದಲಿಸುವ ‘ಸಿಡಿ’ ಆಜ್ಞೆ ಬರೆದು ಒಂದು ಗೆರೆ ಹಾಕಿದರೆ ಹಿಂದಿನ ಜಾಗಕ್ಕೆ ಹೋಗಬಹುದು. ಅವೂ ಆ ಶೆಲ್ ಬದುಕಿರುವವರೆಗೆ ಮಾತ್ರ.

ಒಬ್ಬ ಗೆಳೆಯ “ಟಿಮಕ್ಸ್ ಹಾಕ್ಕೊಳ್ರೀ” ಅಂದ. ಟರ್ಮಿನಲ್ಲುಗಳನ್ನು ತನ್ನೊಳಗೆ ಇಟ್ಟುಕೊಳ್ಳುವ ಪ್ರೋಗ್ರಾಂ ಅದು, ಒಳ್ಳೆಯದೇ. ಇಂಟರ್‌ನೆಟ್ ಕಡಿದುಹೋದರೂ ಆ ಕಡೆಯ ಮಷೀನಿನಲ್ಲಿ ಕೆಲಸ ಹಾಗೇ ಇರುತ್ತದೆ. ಆದರೆ ಮಷೀನೇ ಆಫ್ ಆದರೆ ಟಿಮಕ್ಸೂ ಸಾಯುತ್ತದೆ, ಉಳಿಸಿಕೊಳ್ಳಲು ಅದಕ್ಕೊಂದು ಪ್ಲಗಿನ್ ಬೇಕು. ಆಟೋಜಂಪ್, ಜಾಕ್ಸೈಡ್ ಇಂಥವೂ ಇವೆ. ಜಾಸ್ತಿ ಓಡಾಡಿದ ಫೋಲ್ಡರುಗಳನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಹೆಸರಿನ ಒಂದು ತುಣುಕು ಹೊಡೆದರೆ ಅಲ್ಲಿಗೆ ಹಾರಿಸುತ್ತವೆ. ಆದರೆ ನನ್ನ ಎಲ್ಲ ಅಂಗಡಿಗಳಲ್ಲೂ ‘ಬಿಲ್’ ಅಂತ ಒಂದು ಫೋಲ್ಡರಿದೆ. ಯಾವ ಬಿಲ್‌ಗೆ ಹಾರಿಸುತ್ತದೋ ದೇವರಿಗೇ ಗೊತ್ತು. ನನಗೆ ಬೇಕಾಗಿದ್ದು ಇಷ್ಟೇ: ನಿನ್ನೆ ಎಲ್ಲಿ ಕೂತಿದ್ದೆ? ಸರಿ, ನಾನೇ ಬರೆಯೋಣ ಅಂತ ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ಹೆಸರು ‘ಗೂಟ’ ಅಂತ ಇಟ್ಟೆ. ನಮ್ಮ ಅಜ್ಜಿಯ ಊರಲ್ಲಿ ಎಮ್ಮೆಗಳು ಸಂಜೆ ತಾವಾಗಿಯೇ ಬಂದು ತಮ್ಮ ತಮ್ಮ ಗೂಟದ ಪಕ್ಕ ನಿಲ್ಲುತ್ತಿದ್ದವು. ಟರ್ಮಿನಲ್‌ಗೂ ಅಷ್ಟು ಬುದ್ಧಿ ಬೇಡ್ವಾ?

ಮೊದಲನೆಯದು ಒಂದು ಸ್ಕ್ರಿಪ್ಟ್ ಫೈಲು, ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟದ್ದು. ಉಳಿಸಿಟ್ಟ ಫೋಲ್ಡರಿನ ಹೆಸರು ಓದುತ್ತದೆ, ‘ಸಿಡಿ’ ಮಾಡುತ್ತದೆ. ಓಡಿಸಿದೆ. ತಪ್ಪು ಅಂತಲೂ ಬರಲಿಲ್ಲ, ಜಾಗವೂ ಬದಲಾಗಲಿಲ್ಲ. ಹತ್ತು ನಿಮಿಷ ಪರದೆ ನೋಡುತ್ತಾ ಕೂತೆ. ಆಮೇಲೆ ತಲೆ ಚಚ್ಚಿಕೊಂಡೆ. ಸ್ಕ್ರಿಪ್ಟ್ ಓಡುವುದು ಶೆಲ್ ಹುಟ್ಟಿಸಿದ ಮರಿ ಪ್ರೊಸೆಸ್‌ನಲ್ಲಿ. ಹುಟ್ಟುವಾಗ ಅದು ತಾಯಿಯ ಜಾಗದಲ್ಲೇ ಹುಟ್ಟುತ್ತದೆ, ಆಮೇಲೆ ಎಲ್ಲಿಗೆ ಹೋದರೂ ತಾಯಿ ಇದ್ದಲ್ಲೇ ಇರುತ್ತಾಳೆ. ನನ್ನ ‘ಸಿಡಿ’ ಆಗಿತ್ತು, ಆದರೆ ಮರಿಗೆ. ಅದು ಮರುಕ್ಷಣ ಸತ್ತೂ ಹೋಗಿತ್ತು. ‘ಸಿಡಿ’ ಅನ್ನುವುದು ಬೇರೆ ಪ್ರೋಗ್ರಾಂ ಆಗಿರದೆ ಶೆಲ್ಲಿನ ಒಳಗಿನ ಆಜ್ಞೆಯೇ ಆಗಿರುವುದು ಇದೇ ಕಾರಣಕ್ಕೆ. ಕಾಲೇಜಿನಲ್ಲಿ ಇದನ್ನೇ ಬರೆದು ಮಾರ್ಕ್ಸ್ ತಗೊಂಡಿದ್ದೆ! ಸ್ಕ್ರಿಪ್ಟನ್ನು ಫಂಕ್ಷನ್ ಮಾಡಿ, ಬ್ಯಾಶ್ ಶುರುವಾಗುವಾಗ ಓದುವ ‘ಬ್ಯಾಶ್‌ಆರ್‌ಸಿ’ ಫೈಲಿನೊಳಗೆ ಹಾಕಿದೆ. ಫಂಕ್ಷನ್ ಶೆಲ್ಲಿನೊಳಗೇ ಓಡುತ್ತದೆ, ಹಾಗಾಗಿ ಜಾಗ ಬದಲಾಯಿತು.

ಇನ್ನು ಉಳಿಸುವ ಕೆಲಸ. ಶೆಲ್ ಮುಚ್ಚುವಾಗ ಓಡುವ ಹಾಗೆ ಒಂದು ‘ಟ್ರ್ಯಾಪ್’ ಇಟ್ಟೆ. ಹೋಗುವಾಗ ಜಾಗದ ಹೆಸರನ್ನು ‘ಟೆಂಪ್’ ಫೋಲ್ಡರಿನ ಒಂದು ಫೈಲಿನಲ್ಲಿ ಬರೆದು ಹೋಗು ಅಂತ. ‘ಎಕ್ಸಿಟ್’ ಹೊಡೆದೆ, ಹೊಸ ಟರ್ಮಿನಲ್ ತೆರೆದೆ, ನೆನಪಿತ್ತು. ಮತ್ತೆ ಹೊಡೆದೆ, ನೆನಪಿತ್ತು. ಖುಷಿಯಿಂದ ಅಶೋಕ ಟಾಕೀಸ್ ಕಡೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದೆ.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಗೂಟವೂ ಇಲ್ಲ, ಹಗ್ಗವೂ ಇಲ್ಲ. ಒಂದೇ ಏಟಿಗೆ ಎರಡು ತಪ್ಪು. ನನ್ನ ಉಬುಂಟು ಪ್ರತಿ ಸಲ ಶುರುವಾಗುವಾಗ ಟೆಂಪ್ ಫೋಲ್ಡರನ್ನು ಗುಡಿಸಿ ಹಾಕುತ್ತದೆ. ರೀಸ್ಟಾರ್ಟ್ ಆದ ಮೇಲೂ ಉಳಿಯಬೇಕಾದದ್ದನ್ನು ರೀಸ್ಟಾರ್ಟ್‌ನಲ್ಲಿ ಗುಡಿಸುವ ಜಾಗದಲ್ಲೇ ಇಟ್ಟಿದ್ದೆ. ಎರಡನೆಯದು ಇನ್ನೂ ದೊಡ್ಡದು. ಕರೆಂಟ್ ಹೋಗುವಾಗ ಯಾವ ಶೆಲ್ಲೂ ‘ಮುಚ್ಚುವುದಿಲ್ಲ’. ಟ್ರ್ಯಾಪ್ ಓಡಲು ಅದಕ್ಕೆ ಸಮಯವೇ ಇರುವುದಿಲ್ಲ. ನಾನು ಪರೀಕ್ಷೆ ಮಾಡಿದ್ದೆಲ್ಲಾ ಮರ್ಯಾದೆಯಿಂದ ಹೊರಟುಹೋಗುವ ಶೆಲ್ಲುಗಳನ್ನು. ನನ್ನ ಸಮಸ್ಯೆ ಮಾತು ಹೇಳದೆ ಹೋಗುವವುಗಳದ್ದು.

ಇಲ್ಲಿಂದ ಲೆಕ್ಕ ತಿರುಗಿತು. ಹೋಗುವಾಗ ಬರೆಯುವ ಮಾತೇ ಬಿಟ್ಟು, ಇರುವಾಗಲೇ ಬರೆದಿಡುವ ದಾರಿ ಹಿಡಿದೆ. ಬ್ಯಾಶ್‌ನಲ್ಲಿ ‘ಪ್ರಾಂಪ್ಟ್ ಕಮಾಂಡ್’ ಅನ್ನುವ ವೇರಿಯಬಲ್ ಇದೆ. ಅದರಲ್ಲಿ ಏನಿಟ್ಟರೂ ಪ್ರತಿ ಸಲ ಪ್ರಾಂಪ್ಟ್ (ಫೋಲ್ಡರಿನ ಹೆಸರು ತೋರಿಸಿ ಮುಂದಿನ ಆಜ್ಞೆಗೆ ಕಾಯುವ ಸಾಲು) ತೋರಿಸುವ ಮುಂಚೆ ಓಡುತ್ತದೆ. ನನ್ನ ಫಂಕ್ಷನ್ನನ್ನು ಅಲ್ಲಿ ಇಟ್ಟೆ. ಅದರ ಜೊತೆಗೇ ‘ಹಿಸ್ಟರಿ’ ಆಜ್ಞೆಯನ್ನು ‘ಎ’ ಆಯ್ಕೆ ಕೊಟ್ಟು ಸೇರಿಸಿದೆ, ಹೊಡೆದ ಆಜ್ಞೆಗಳನ್ನು ಆಗಿಂದಾಗಲೇ ಫೈಲಿಗೆ ಬರೆಯಲಿ ಅಂತ. ಬ್ಯಾಶ್ ನಾವು ಹೊಡೆದ ಆಜ್ಞೆಗಳನ್ನೂ ಮುಚ್ಚುವಾಗಲೇ ಫೈಲಿಗೆ ಬರೆಯುವುದು. ಇಷ್ಟು ವರ್ಷ ಕರೆಂಟ್ ಹೋದಾಗಲೆಲ್ಲ ಅವತ್ತಿನ ಹಿಸ್ಟರಿಯೂ ಹೋಗುತ್ತಿತ್ತು, ನಾನು ಅದನ್ನು ಹಣೆಬರಹ ಅಂದುಕೊಂಡಿದ್ದೆ.

ಮುಂದಿನ ಪ್ರಶ್ನೆ: ನಾಲ್ಕು ಟರ್ಮಿನಲ್ ಒಂದೇ ಫೈಲಿಗೆ ಬರೆದರೆ ಕೊನೆಯದೊಂದೇ ಉಳಿಯುತ್ತದೆ. ಪ್ರತಿ ಟರ್ಮಿನಲ್‌ಗೂ ಒಂದು ನಂಬರ್ ಇರುತ್ತದೆ, ‘ಟಿಟಿವೈ’ ಅಂತ ಹೊಡೆದರೆ ಹೇಳುತ್ತದೆ. ಆ ನಂಬರಿನ ಮೇಲೆ ಒಂದೊಂದು ಫೈಲು ಮಾಡಿ, ತೆರೆದ ಕೂಡಲೇ ತಾನಾಗಿ ಅಲ್ಲಿಗೆ ಹೋಗಿ ನಿಲ್ಲುವ ಹಾಗೆ ಬರೆದೆ. ನೋಡಲು ಬಹಳ ಚೆನ್ನಾಗಿತ್ತು. ನಾಲ್ಕು ಕಿಟಕಿ ತೆರೆದರೆ ನಾಲ್ಕೂ ತಮ್ಮ ತಮ್ಮ ಜಾಗದಲ್ಲಿ.

ಆದರೆ ಆ ನಂಬರ್ ಕಿಟಕಿಯದ್ದಲ್ಲ, ತೆರೆದ ಸರದಿಯದ್ದು. ನಡುವಿನ ಒಂದನ್ನು ಮುಚ್ಚಿ ಇನ್ನೊಂದು ತೆರೆದರೆ ಖಾಲಿಯಾದ ನಂಬರ್ ಹೊಸದಕ್ಕೆ ಸಿಗುತ್ತದೆ. ಒಂದು ದಿನ ಎಡಗಡೆಯ ಕಿಟಕಿಯಲ್ಲಿ ಹಳೆಯ ಬಿಲ್ ಪಿಡಿಎಫ್‌ಗಳನ್ನು ಅಳಿಸಬೇಕಿತ್ತು. ಎಡಗಡೆ ಅಂದರೆ ಇಂಥ ಅಂಗಡಿಯದೇ ಅಂತ ಕೈಗೆ ರೂಢಿಯಾಗಿತ್ತು. ‘ಆರ್‌ಎಂ’ ಹೊಡೆದು ಎಂಟರ್ ಒತ್ತಿದ ಮೇಲೆ ಪ್ರಾಂಪ್ಟ್ ಓದಿದೆ. ಬೇರೆ ಅಂಗಡಿಯ ಫೋಲ್ಡರು. ಅದೂ ಆ ತಿಂಗಳ ಬಿಲ್ಲುಗಳು. ಬೆನ್ನಲ್ಲಿ ಬೆವರು ಇಳಿಯಿತು. ಹಿಂದಿನ ರಾತ್ರಿಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಇದ್ದಿದ್ದರಿಂದ ಬಚಾವಾದೆ. ಅಂಗಡಿಯವರಿಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತೇ ತಾನಾಗಿ ಹೋಗುವುದನ್ನು ತೆಗೆದುಹಾಕಿದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಜಾಗ ನೆನಪಿಡುವುದು ಯಂತ್ರದ ಕೆಲಸ, ಹೋಗುವುದು ನನ್ನ ಕೆಲಸ. ಈಗ ಹೊಸ ಟರ್ಮಿನಲ್ ಹೋಮ್ ಫೋಲ್ಡರಿನಲ್ಲೇ ತೆರೆಯುತ್ತದೆ. ‘ಗೂಟ’ ಅಂತ ಹೊಡೆದರೆ ಇತ್ತೀಚಿನ 9 ಫೋಲ್ಡರುಗಳ ಪಟ್ಟಿ ನಂಬರ್ ಹಾಕಿ ತೋರಿಸುತ್ತದೆ, ಹೊಸದು ಮೇಲೆ. 3 ಒತ್ತಿದರೆ ಮೂರನೆಯದಕ್ಕೆ. 9 ಯಾಕೆ ಅಂದರೆ ಒಂದೇ ಕೀ ಒತ್ತಿದರೆ ಸಾಕು, ಎಂಟರ್ ಬೇಡ.

ಈ ಪಟ್ಟಿಯನ್ನು ಮೊದಲು ಬಹಳ ಜಾಣತನದಿಂದ ಮಾಡಿದ್ದೆ. ಒಂದೊಂದು ಫೋಲ್ಡರಿಗೂ ಒಂದು ಖಾಲಿ ಫೈಲು, ಫೋಲ್ಡರಿನ ಪೂರ್ತಿ ದಾರಿಯೇ ಆ ಫೈಲಿನ ಹೆಸರು. ಓರೆಗೆರೆ ಫೈಲಿನ ಹೆಸರಿನಲ್ಲಿ ಬರುವ ಹಾಗಿಲ್ಲ, ಅದರ ಬದಲು ಶೇಕಡಾ ಚಿಹ್ನೆ. ‘ಟಚ್’ ಮಾಡಿದರೆ ಸಾಕು, ಫೈಲಿನ ಹೊತ್ತು ಈಗಿನದಾಗುತ್ತದೆ, ಹೊತ್ತಿನ ಪ್ರಕಾರ ಜೋಡಿಸಿದರೆ ಪಟ್ಟಿ ತಯಾರು. ಒಂದು ವಾರ ಸುಖವಾಗಿ ನಡೆಯಿತು. ಆಮೇಲೆ ಒಂದು ಅಂಗಡಿಯ ಫೋಲ್ಡರಿಗೆ ಹೋದರೆ ಸಾಕು, ‘ಫೈಲ್ ನೇಮ್ ಟೂ ಲಾಂಗ್’ ಅಂತ ಬೈಗುಳ. ಆ ಅಂಗಡಿಯ ಗುಮಾಸ್ತರಿಗೆ ಎಲ್ಲವೂ ಕನ್ನಡದಲ್ಲೇ ಇರಬೇಕು. ‘ಶ್ರೀ’ಯಿಂದ ಶುರುವಾಗಿ ‘ಮತ್ತು ಸನ್ಸ್’ವರೆಗೆ ಪೂರ್ತಿ ಹೆಸರು, ಅದರೊಳಗೆ ವರ್ಷ, ಅದರೊಳಗೆ ‘ಮೆಕ್ಕೆಜೋಳ ಖರೀದಿ’. ನನ್ನ ಡಿಸ್ಕಿನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿನ ಮಿತಿ 255. ಅದು ಅಕ್ಷರದ ಲೆಕ್ಕ ಅಲ್ಲ, ಬೈಟ್ ಲೆಕ್ಕ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಶ್ರೀ’ ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಶ, ವಿರಾಮ, ರ, ದೀರ್ಘದ ಗುರುತು, ಒಟ್ಟು ನಾಲ್ಕು ಸಂಕೇತ, 12 ಬೈಟ್. ಹೀಗೆ ಲೆಕ್ಕ ಹಾಕಿದರೆ ಕನ್ನಡದ ಹೆಸರಿಗೆ 85 ಸಂಕೇತ ಅಷ್ಟೇ. ಫೋಲ್ಡರುಗಳು ಒಂದೊಂದಾಗಿ ಸರಿಯಾಗೇ ಇದ್ದವು. ಎಲ್ಲವನ್ನೂ ಒಂದೇ ಹೆಸರಾಗಿ ಪೋಣಿಸಿದ್ದು ನನ್ನ ತಪ್ಪು. ಜಾಣತನ ಬಿಟ್ಟು ಸಾದಾ ಪಠ್ಯ ಫೈಲಿಗೆ ಬಂದೆ, ಸಾಲಿಗೊಂದು ಫೋಲ್ಡರು.

ಸಾದಾ ಫೈಲಿನಲ್ಲೂ ಒಂದು ಗುಂಡಿ ಇತ್ತು. ಫೋಲ್ಡರು ಪಟ್ಟಿಯಲ್ಲಿ ಮೊದಲೇ ಇದ್ದರೆ ಹಳೆಯ ಸಾಲು ತೆಗೆದು ಮೇಲೆ ಹಾಕಬೇಕು. ಅದಕ್ಕೆ ಸಾಲು ಹುಡುಕುವ ‘ಗ್ರೆಪ್’. ಅದು ‘ಬಿಲ್’ ತೆಗೆಯಲು ಹೋಗಿ ‘ಬಿಲ್-ಹಳೇದು’ ಸಾಲನ್ನೂ ಎತ್ತಿಕೊಂಡು ಹೋಗುತ್ತಿತ್ತು. ‘ಎಕ್ಸ್’ ಕೊಟ್ಟರೆ ಇಡೀ ಸಾಲು ಹೊಂದಬೇಕು. ‘ಎಫ್’ ಕೊಟ್ಟರೆ ಚುಕ್ಕಿಯನ್ನು ‘ಯಾವ ಅಕ್ಷರವಾದರೂ’ ಅಂದುಕೊಳ್ಳದೆ ಚುಕ್ಕಿ ಅಂತಲೇ ನೋಡುತ್ತದೆ. ‘ವಿ’ ಕೊಟ್ಟರೆ ಹೊಂದದ ಸಾಲುಗಳು ಉಳಿಯುತ್ತವೆ. ಮೂರೂ ಬೇಕು. ಹೆಸರಿನಲ್ಲಿ ಜಾಗ ಬಿಟ್ಟ ಫೋಲ್ಡರುಗಳಿಗೆ ಎಲ್ಲ ಕಡೆ ಉದ್ಧರಣ ಚಿಹ್ನೆ ಹಾಕುವುದಂತೂ ಹೇಳಬೇಕಾಗಿಲ್ಲ.

ಮೇ ತಿಂಗಳಲ್ಲಿ ಮಳೆ ಗಾಳಿ ಬಂದ ಒಂದು ಸಂಜೆ ಒಂದೇ ಗಂಟೆಯಲ್ಲಿ ಮೂರು ಸಲ ಕರೆಂಟ್ ಹೋಗಿ ಬಂತು. ಮೂರನೆಯ ಸಲ ಪಟ್ಟಿಯ ಫೈಲು ಇತ್ತು, ಒಳಗೆ ಏನೂ ಇಲ್ಲ. ಸೊನ್ನೆ ಬೈಟ್. ನಾನು ನೇರವಾಗಿ ಆ ಫೈಲಿನ ಮೇಲೇ ಬರೆಯುತ್ತಿದ್ದೆ. ಬರೆಯುವ ಮುಂಚೆ ಶೆಲ್ ಹಳೆಯದನ್ನು ಅಳಿಸುತ್ತದೆ. ಹೊಸದು ಮೊದಲು ಮೆಮೊರಿಗೆ ಹೋಗುತ್ತದೆ, ಡಿಸ್ಕಿಗೆ ಇಳಿಯಲು ಕೆಲವು ಸೆಕೆಂಡ್ ಆಗಬಹುದು, 30 ಸೆಕೆಂಡ್ ಆದರೂ ಆಯಿತು. ಆ ಸಂದಿಯಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಈಗ ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ಫೈಲಿಗೆ ಬರೆಯುತ್ತೇನೆ. ‘ಸಿಂಕ್’ಗೆ ಆ ಫೈಲಿನ ಹೆಸರು ಕೊಟ್ಟು ಡಿಸ್ಕಿಗೆ ಇಳಿಸುತ್ತೇನೆ. ಆಮೇಲೆ ‘ಎಂವಿ’ ಮಾಡಿ ಹಳೆಯದರ ಹೆಸರಿಗೆ ಕೂರಿಸುತ್ತೇನೆ. ಹೆಸರು ಬದಲಾಗುವುದು ಒಂದೇ ಏಟಿಗೆ. ಹಳೆಯ ಪಟ್ಟಿ ಸಿಗುತ್ತದೆ, ಇಲ್ಲವೇ ಹೊಸದು ಸಿಗುತ್ತದೆ, ಅರ್ಧಂಬರ್ಧ ಸಿಗುವುದಿಲ್ಲ. ಅವತ್ತಿನಿಂದ ಪಟ್ಟಿ ಖಾಲಿಯಾಗಿಲ್ಲ.

ಪೆನ್‌ಡ್ರೈವ್‌ನ ಫೋಲ್ಡರು ರೀಸ್ಟಾರ್ಟ್ ಆದ ಮೇಲೆ ಇರುವುದಿಲ್ಲ. ಅಂಥವುಗಳ ಮುಂದೆ ‘ಇಲ್ಲ’ ಅಂತ ತೋರಿಸುತ್ತೇನೆ, ಆದರೆ ಪಟ್ಟಿಯಿಂದ ತೆಗೆಯುವುದಿಲ್ಲ. ಚುಚ್ಚಿದ ಮೇಲೆ ಬೇಕಾಗುತ್ತದಲ್ಲ. ಪಟ್ಟಿಯಲ್ಲಿ ಗಿರಾಕಿಗಳ ಹೆಸರು ಇರುವುದರಿಂದ ಆ ಫೈಲನ್ನು ನನ್ನ ಬಿಟ್ಟು ಬೇರೆಯವರು ಓದುವಂತಿಲ್ಲ.

ಇನ್ನೊಂದು ಕಿರಿಕಿರಿ ಉಳಿದಿತ್ತು. ಹೋಗುವ ದಾರಿಯ ಫೋಲ್ಡರುಗಳೆಲ್ಲ ಪಟ್ಟಿಗೆ ಸೇರಿ 9 ಜಾಗವೂ ತುಂಬುತ್ತಿತ್ತು. ಹರಿಹರಕ್ಕೆ ಹೊರಟವನು ದಾರಿಯ ಸ್ಟಾಪ್‌ಗಳನ್ನೆಲ್ಲ ಡೈರಿಯಲ್ಲಿ ಬರೆದ ಹಾಗೆ. ಒಂದು ವೇರಿಯಬಲ್ ಸೇರಿಸಿದೆ. ಹಿಂದಿನ ಪ್ರಾಂಪ್ಟ್‌ನಲ್ಲಿ ಇದ್ದ ಜಾಗವೂ ಈಗಿನ ಜಾಗವೂ ಒಂದೇ ಆಗಿದ್ದರೆ ಮಾತ್ರ ಬರೆ. ಅಂದರೆ ಬಂದು ಒಂದಾದರೂ ಕೆಲಸ ಮಾಡಿದರೆ ಅದು ಕೂತ ಜಾಗ, ಇಲ್ಲದಿದ್ದರೆ ದಾಟಿದ ಜಾಗ. ಮೊದಲೇ ಬರೆದಿದ್ದರೆ ಮತ್ತೆ ಬರೆಯಬೇಡ. ಇದರಿಂದ ಡಿಸ್ಕಿಗೂ ಕೆಲಸ ಕಡಿಮೆಯಾಯಿತು. ಎಲ್ಲಾ ಸೇರಿ ಸುಮಾರು 40 ಸಾಲು.

ಇದೇ ವೇರಿಯಬಲ್ ಮತ್ತೊಂದು ತೂತು ಮಾಡಿತು. ಹೊಸ ಫೋಲ್ಡರಿಗೆ ಹೋದ ಕೂಡಲೇ ವಿಮ್ ಎಡಿಟರ್ ತೆರೆದು ಒಂದು ಗಂಟೆ ಬರೆಯುತ್ತಾ ಕೂತರೆ ಎರಡನೆಯ ಪ್ರಾಂಪ್ಟ್ ಬಂದೇ ಇರುವುದಿಲ್ಲ. ಆಗ ಕರೆಂಟ್ ಹೋದರೆ ಜಾಸ್ತಿ ಹೊತ್ತು ಕೂತ ಜಾಗವೇ ಪಟ್ಟಿಯಲ್ಲಿ ಇಲ್ಲ. ಬ್ಯಾಶ್ 4.4ರಿಂದ ‘ಪಿಎಸ್0’ ಅಂತ ಒಂದಿದೆ, ಆಜ್ಞೆ ಓದಿದ ಮೇಲೆ, ಅದು ಓಡುವ ಮುಂಚೆ ತೋರಿಸುವಂಥದ್ದು. ಉಳಿಸುವ ಕೆಲಸವನ್ನು ಅದಕ್ಕೆ ಕಟ್ಟಿದರೆ ಈ ತೂತು ಮುಚ್ಚುತ್ತದೆ. ನಾನಿನ್ನೂ ಕಟ್ಟಿಲ್ಲ, ಸೋಮಾರಿತನ. ಖಾಲಿ ಎಂಟರ್ ಹೊಡೆದರೂ ಹೊಸ ಪ್ರಾಂಪ್ಟ್ ಬರುತ್ತದಲ್ಲ, ಹಾಗಾಗಿ ಎಲ್ಲಿಗೆ ಹೋದರೂ ಸುಮ್ನೆ ಒಂದು ಎಂಟರ್ ಜಾಸ್ತಿ ಒತ್ತುತ್ತೇನೆ. ಕೆಲಸ ಕಲಿಯಲು ಬರುವ ಹುಡುಗ ಹಿಂದೆ ನಿಂತು ನೋಡುತ್ತಿದ್ದವನು ಮೊನ್ನೆ ಕೇಳಿದ, “ಅಣ್ಣಾ, ಎಂಟರ್ ಕೀ ಹಾಳಾಗಿದೆಯಾ? ಹೊಸ ಕೀಬೋರ್ಡ್ ತರ್ಲಾ?”