ಇಟಾಲಿಯನ್ ಊಟಕ್ಕೆ ಕುಳಿತಾಗ

ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ಹೋಟೆಲುಗಳಲ್ಲಿ ಪಾಸ್ತಾ, ಪಿಜ್ಜಾ ಸಿಗುವುದು ಹೊಸತೇನಲ್ಲ. ಆದರೆ ಗೋವಾದಲ್ಲೋ ಬೆಂಗಳೂರಿನಲ್ಲೋ ಇಟಾಲಿಯನ್ ಅಡುಗೆಯನ್ನೇ ಮಾಡುವ ಪುಟ್ಟ ಹೋಟೆಲಿಗೆ ಮನೆಮಂದಿಯೊಂದಿಗೆ ಮೊದಲ ಸಲ ಹೋಗುವವರು ಅಲ್ಲಿಯ ಬಡಿಸುವ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಬಾಳೆಲೆಯಂತೆ ಅಲ್ಲಿ ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಮೊದಲು ಆಂಟಿಪಾಸ್ತಿ ಎಂಬ ಸಣ್ಣ ತಿನಿಸು, ಬಳಿಕ ಪಾಸ್ತಾ ಅಥವಾ ಅಕ್ಕಿಯ ರಿಸೊಟ್ಟೊ, ಆಮೇಲೆ ಮೀನು ಅಥವಾ ಮಾಂಸ, ಕೊನೆಗೆ ಸಿಹಿ. ಎಲ್ಲವನ್ನೂ ತರಿಸಲೇಬೇಕೆಂದಿಲ್ಲ, ನಾಲ್ವರಿದ್ದರೆ ಒಂದು ಆಂಟಿಪಾಸ್ತಿ, ಎರಡು ಬಗೆಯ ಪಾಸ್ತಾ, ಒಂದು ಪಿಜ್ಜಾ ತರಿಸಿ ಹಂಚಿಕೊಂಡರೆ ಸಾಕಾಗುತ್ತದೆ.

ಶಿರಸಿ, ಸಿದ್ದಾಪುರ ಕಡೆಯ ಸಸ್ಯಾಹಾರಿಗಳು ಆರ್ಡರ್ ಕೊಡುವ ಮೊದಲೇ ವಿಚಾರಿಸಬೇಕಾದ ಮಾತೊಂದಿದೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಚೀಸ್‌ಗಾಗಿ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಹಾಲಿನ ಪದಾರ್ಥವಲ್ಲವೇ ಎಂದು ಸುಮ್ಮನಾಗಬಾರದು, ಏಕೆಂದರೆ ಪಾಸ್ತಾಕ್ಕೆ ಬೆರೆಸುವ ಚಟ್ನಿಯಂಥ ಹಸಿರು ಪೆಸ್ತೊದಲ್ಲೂ ಇಂಥ ಚೀಸ್ ಇರುತ್ತದೆ. ಸಿಹಿಗಳ ಪೈಕಿ ಪನ್ನಾ ಕೊಟ್ಟಾದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜೆಲಾಟಿನ್, ತಿರಾಮಿಸುವಿನಲ್ಲಿ ಮೊಟ್ಟೆ ಇರುತ್ತದೆ. ಸಸ್ಯಜನ್ಯ ಅಥವಾ ಸೂಕ್ಷ್ಮಾಣುಜನ್ಯ ರೆನೆಟ್‌ನ ಚೀಸ್ ಬಳಸುವಿರಾ ಎಂದು ನೇರವಾಗಿ ಕೇಳಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಪಾಸ್ತಾ ಅರೆಬೆಂದಂತಿದೆ ಎಂದು ಹಿಂದಿರುಗಿಸುವವರನ್ನು ನೋಡಿದ್ದೇನೆ. ಅದು ಅಲ್ ದೆಂತೆ ಹದ: ಕುಚ್ಚಲಕ್ಕಿ ಅನ್ನದ ಅಗುಳು ಹಲ್ಲಿಗೆ ಸಿಗುವ ಹಾಗೆ ನಡುವೆ ತುಸು ಬಿರುಸು ಉಳಿದಿರಬೇಕು. ಸ್ಪಗೆಟ್ಟಿಯನ್ನು ಕತ್ತರಿಸದೆ, ಮೂರು ನಾಲ್ಕು ಎಳೆಗಳನ್ನಷ್ಟೇ ಫೋರ್ಕ್‌ಗೆ ಸಿಕ್ಕಿಸಿ, ಅದರ ತುದಿಯನ್ನು ತಟ್ಟೆಯ ಅಂಚಿಗೆ ಊರಿ ನಿಧಾನವಾಗಿ ತಿರುಗಿಸಿದರೆ ಒಂದೇ ತುತ್ತಿನ ಉಂಡೆಯಾಗುತ್ತದೆ. ಬಳಚು ಎಂಬ ಚಿಪ್ಪುಮೀನು ಹಾಕಿದ ವೊಂಗೊಲೆ ಸ್ಪಗೆಟ್ಟಿಗೆ ಇಟಲಿಯವರು ಚೀಸ್ ಉದುರಿಸುವುದಿಲ್ಲ. ಅಘನಾಶಿನಿಯ ಬಳಚು ತಿಂದು ಬೆಳೆದವರಿಗೆ ಕಾರಣ ಬೇರೆ ಹೇಳಬೇಕಾಗಿಲ್ಲ.

ಮೀನು ತಿನ್ನದವರು, ಚೀಸ್‌ನ ವಿಷಯ ಖಚಿತವಾದ ಮೇಲೆ, ರೋಮ್‌ನ ಕಾಚೊ ಎ ಪೆಪೆ ಎಂಬ ಪಾಸ್ತಾ ತರಿಸಿ ನೋಡಬಹುದು. ಚೀಸ್ ಮತ್ತು ಕಾಳುಮೆಣಸು, ಅದರ ರುಚಿಯೆಲ್ಲ ಇವೆರಡರದೇ. ರೋಮ್‌ನವನೇ ಆದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಹೋದದ್ದು ನಮ್ಮ ಮೆಣಸಿನ ನಾಡಾದ ಗೇರುಸೊಪ್ಪೆಯ ಮೂಲಕವೇ.

ಕಾಫಿಯನ್ನು ಸಿಹಿಯ ನಂತರ ತರಲು ಹೇಳಿ. ಹಾಲು ಬೆರೆತ ಕಪುಚಿನೊ ಅವರಿಗೆ ಬೆಳಗಿನ ಪಾನೀಯ. ಊಟದ ಮೇಲೆ ಕುಡಿಯುವುದು ಪುಟ್ಟ ಕಪ್ಪಿನ ಎಸ್ಪ್ರೆಸೊ.