ಹಳೆಯ ಆಲ್ಟೊ ಆಯಿಲ್ ಕುಡಿಯುತ್ತಿದ್ದಾಗ ಎಂಜಿನ್ ಇಳಿಸುವ ಮೊದಲು ನಾನು ಮಾಡಿದ ಕೆಲಸಗಳು

ಹಳೆಯ ಕಾರು ಆಯಿಲ್ ತಿನ್ನುತ್ತಿದೆ ಅಂದರೆ ಸಾಕು, ಹೆಚ್ಚಿನ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: "ಬೋರ್ ಹೋಗಿದೆ ಸಾರ್, ಎಂಜಿನ್ ಕೆಲಸ ಮಾಡಿಸ್ಬೇಕು." (ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ.) ಕೆಲವು ಸಲ ಅದು ನಿಜವೇ ಇರುತ್ತದೆ. ನನ್ನ 2008ರ ಆಲ್ಟೊದಲ್ಲಿ (796 ಸಿಸಿ, ಮೂರು ಸಿಲಿಂಡರ್, 12 ವಾಲ್ವ್) ನಿಜ ಇರಲಿಲ್ಲ. ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಹತ್ತಿರ ಖಾಲಿಯಾಗುತ್ತಿದ್ದ ಆಯಿಲ್ ಈಗ ನೂರೈವತ್ತು ಮಿ.ಲೀ. ಆಸುಪಾಸಿಗೆ ಬಂದಿದೆ. ಎಂಜಿನ್ ಇಳಿಸಿಲ್ಲ, ಹೆಡ್ (ಎಂಜಿನ್ನಿನ ಮೇಲ್ಭಾಗ) ಕೂಡ ಎತ್ತಿಲ್ಲ. ಇದರಲ್ಲಿ ತಪ್ಪು ಎಂಜಿನ್ನಿನದಲ್ಲ. ಹಳೆಯ ಆಯಿಲ್‌ನಲ್ಲೇ ಸಿಟಿ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ಓಡಿದರೆ ಯಾವ ಕಾರಿಗಾದರೂ ಇದೇ ಗತಿ.

ಮೊದಲು ಅಳತೆ. ಸಮತಟ್ಟಾದ ಒಂದು ಜಾಗ ನೋಡಿಕೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಒರೆಸಿ ನೋಡಬೇಕು. ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ತುಂಬಿಸಿ, ಓಡೋಮೀಟರ್ ಬರೆದಿಟ್ಟುಕೊಂಡೆ. 500 ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಮತ್ತೆ ಅದೇ ಗೆರೆಗೆ ಬರುವಷ್ಟು ಮಿ.ಲೀ. ಗುರುತಿರುವ ಬಾಟಲಿಯಿಂದ ಹಾಕಿದೆ. ಬಾಟಲಿಯಿಂದ ಎಷ್ಟು ಇಳಿಯಿತೋ ಅದೇ ಲೆಕ್ಕ. ಸಂಜೆ ಬಿಸಿ ಎಂಜಿನ್‌ನಲ್ಲೊಮ್ಮೆ, ಬೆಳಿಗ್ಗೆ ಇಳಿಜಾರಿನಲ್ಲೊಮ್ಮೆ ನೋಡಿದ ಅಂದಾಜಿಗೆ ಬೆಲೆಯಿಲ್ಲ.

ಈ ಹಂತದಲ್ಲೇ ಒಂದು ತಮಾಷೆ ಬಯಲಾಗುವುದುಂಟು. ಈ ಎಂಜಿನ್ನಿಗೆ ಫಿಲ್ಟರ್ ಸೇರಿಸಿಯೂ ಹಿಡಿಯುವುದು ಮೂರು ಲೀಟರಿಗಿಂತ ಕಡಿಮೆ. ಸರ್ವಿಸ್‌ನಲ್ಲಿ ಮೂರು ಲೀಟರಿನ ಕ್ಯಾನ್ ಪೂರ್ತಿ ಬಗ್ಗಿಸಿಬಿಟ್ಟರೆ ಲೆವೆಲ್ ಮೇಲಿನ ಗೆರೆ ದಾಟುತ್ತದೆ. ಹೆಚ್ಚಾದ ಆಯಿಲ್ ನೊರೆಯಾಗಿ, ಬ್ರೀದರ್ ಪೈಪಿನ ಮೂಲಕ ಗಾಳಿ ಒಳಹೋಗುವ ಇನ್‌ಟೇಕ್‌ಗೆ ಹೋಗಿ ಉರಿದುಹೋಗುತ್ತದೆ. ಸರ್ವಿಸ್ ಆದ ಹೊಸದರಲ್ಲಿ ಬೇಗ ಇಳಿದು ಆಮೇಲೆ ನಿಧಾನವಾದರೆ ಮೊದಲು ಇದನ್ನೇ ಅನುಮಾನಿಸಿ.

ಸೋರಿಕೆಯದು ಎರಡನೆಯ ಸರದಿ. ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್‌ನಿಂದ ಎಂಜಿನ್ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. ಇಪ್ಪತ್ತು ಕಿ.ಮೀ. ಓಡಿಸಿ ಬಂದರೆ ಸೋರುವ ಕಡೆ ಪೌಡರ್ ಕಪ್ಪಾಗಿರುತ್ತದೆ. ಆಯಿಲ್ ಕೆಳಗಿಳಿದು ಗಾಳಿಗೆ ಹಿಂದೆ ಹರಡುತ್ತದಾದ್ದರಿಂದ ಒದ್ದೆಯ ಅತ್ಯಂತ ಮೇಲಿನ, ಮುಂದಿನ ತುದಿಯೇ ಮೂಲ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಪ್ರೆಷರ್ ಸ್ವಿಚ್, ಕ್ಯಾಮ್ ಸೀಲ್, ಕ್ರ್ಯಾಂಕಿನ ಮುಂದಿನ ಸೀಲ್, ಚೇಂಬರ್ (ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ) ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಹೀಗೆ ನೋಡುತ್ತಾ ಹೋಗಬೇಕು. ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ಹಾಗಾಗಿ ಕ್ಲಚ್ ಪ್ಲೇಟ್ ಬದಲಿಸುವ ತನಕ ಕಾದು ಒಟ್ಟಿಗೆ ಮಾಡಿಸುವುದು ಲಾಭ. ಕ್ಯಾಮ್ ಅಥವಾ ಕ್ರ್ಯಾಂಕಿನ ಮುಂದಿನ ಸೀಲ್ ಸೋರಿ ಟೈಮಿಂಗ್ ಬೆಲ್ಟ್ ನೆನೆದಿದ್ದರೆ ಮಾತ್ರ ಕಾಯಬೇಡಿ, ಸೀಲ್ ಜೊತೆ ಬೆಲ್ಟನ್ನೂ ಬದಲಿಸಿ.

ನೆಲದ ಮೇಲಿನ ಕಲೆ ನೋಡಿ ಗಾಬರಿಯಾಗುವವರಿಗೆ ಒಂದು ಲೆಕ್ಕ: ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಮಿ.ಲೀ. ರಾತ್ರಿಗೆ ಹತ್ತು ಹನಿ ಬಿದ್ದರೂ ತಿಂಗಳಿಗೆ ಹದಿನೈದು ಮಿ.ಲೀ. ಓಡುವಾಗ ಬಿಸಿಗೂ ಒತ್ತಡಕ್ಕೂ ಇದಕ್ಕಿಂತ ಹೆಚ್ಚು ಹೋಗುತ್ತದೆ, ಆದರೆ ಆಗ ಎಂಜಿನ್ನಿನ ಕೆಳಭಾಗ ಪೂರ್ತಿ ತೊಯ್ದಿರುತ್ತದೆ. ನನ್ನದರಲ್ಲಿ ಟ್ಯಾಪೆಟ್ ಕವರಿನ ಅಂಚಿನಲ್ಲಿ ತೇವ ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಮೇಲೆ ಆಯಿಲ್ ಒಳಗೇ ಉರಿಯುತ್ತಿದೆ.

ಉರಿಯುವುದಕ್ಕೆ ದಾರಿ ಮೂರು: ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪುಟ್ಟ ವಾಲ್ವ್), ವಾಲ್ವ್ ಸೀಲ್ (ವಾಲ್ವ್ ಕಾಂಡದ ಸುತ್ತಲಿನ ರಬ್ಬರ್), ಪಿಸ್ಟನ್ ರಿಂಗ್. ಅಗ್ಗದ್ದರಿಂದ ಶುರು ಮಾಡೋಣ. ಪಿಸಿವಿಯನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನಬೇಕು. ಒಂದು ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ತಡೆಯಬೇಕು. ಜಿಡ್ಡು ಕಟ್ಟಿ ಮುಚ್ಚಿಕೊಂಡರೆ ಚೇಂಬರಿನಲ್ಲಿ ಒತ್ತಡ ಏರಿ ಪ್ಯಾಕಿಂಗ್‌ಗಳೆಲ್ಲ ಸೋರತೊಡಗುತ್ತವೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ಕಾಣಿಸುತ್ತದೆ. ತೆರೆದೇ ನಿಂತರೆ ಆಯಿಲ್ ಆವಿ ಸೀದಾ ಇನ್‌ಟೇಕ್ ಮ್ಯಾನಿಫೋಲ್ಡಿಗೆ. ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ತೊಳೆದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೊಸದಕ್ಕೇ ದುಡ್ಡು ಹೆಚ್ಚಿಲ್ಲ, ನಾನು ಬದಲಿಸಿಬಿಟ್ಟೆ, ಜೊತೆಗೆ ಗಟ್ಟಿಯಾಗಿದ್ದ ಅದರ ರಬ್ಬರ್ ಪೈಪನ್ನೂ. ಸ್ವಲ್ಪ ಇಳಿಯಿತು, ಸಾಲದು.

ಹೊಗೆ ಬಹಳಷ್ಟು ಹೇಳುತ್ತದೆ, ನೋಡುವ ಕ್ರಮ ಗೊತ್ತಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಭುಸ್ ಎಂದು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಎಕ್ಸಲರೇಟರ್ ತುಳಿದಷ್ಟೂ ಹೊತ್ತು ಬರುತ್ತಿದ್ದರೆ ರಿಂಗ್. ಇವೆರಡರ ಮಧ್ಯೆ ಅನುಮಾನವಿದ್ದರೆ ಘಾಟಿಯೇ ಒಳ್ಳೆಯ ಪರೀಕ್ಷೆ: ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮೂರನೇ ಗೇರಿನಲ್ಲಿ ಕಾಲು ತೆಗೆದು ಬಿಟ್ಟುಕೊಂಡು ಬಂದು, ಸಮತಟ್ಟು ಸಿಕ್ಕ ಕೂಡಲೇ ತುಳಿಯಿರಿ, ಹಿಂದಿನ ಗಾಡಿಯಲ್ಲಿರುವವರು ನೋಡಲಿ. ಕಾಲು ತೆಗೆದಾಗ ಮ್ಯಾನಿಫೋಲ್ಡಿನಲ್ಲಿ ಎಳೆತ ಜಾಸ್ತಿ. ಸವೆದ ಸೀಲಿನಿಂದ ಆಯಿಲ್ ಕೆಳಗಿಳಿದು ಕೂತಿರುತ್ತದೆ, ತುಳಿದಾಗ ಒಟ್ಟಿಗೇ ಉರಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಕಡಿಮೆ ಹೊಗೆ ಕಣ್ಣಿಗೆ ಬೀಳದೆಯೂ ಇರಬಹುದು, ಆದ್ದರಿಂದ "ಹೊಗೆ ಇಲ್ಲ" ಅಂದರೆ ಆಯಿಲ್ ಉರಿಯುತ್ತಿಲ್ಲ ಅಂತ ಅಲ್ಲ.

ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ. ಎರಡನೆಯದು ಆಯಿಲ್‌ನಿಂದ ಒದ್ದೆ, ಉಳಿದೆರಡು ಒಣಗಿದ್ದವು. ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಪ್ಲಗ್ ತೂತಿನಿಂದ ಇಳಿಸಿದಾಗ ಇನ್ನೂ ಸ್ಪಷ್ಟವಾಯಿತು: ಎರಡನೇ ಪಿಸ್ಟನ್ನಿನ ಮೇಲ್ಭಾಗ ಕರಿ ಕಟ್ಟಿತ್ತು, ಆದರೆ ಅದರ ಅಂಚಿನ ಸುತ್ತ ಬೆರಳಗಲದ ಬಳೆಯಷ್ಟು ಜಾಗ ತೊಳೆದ ಹಾಗೆ ಅಲ್ಯೂಮಿನಿಯಂ ಬಣ್ಣಕ್ಕಿತ್ತು. ರಿಂಗ್ ದಾಟಿ ಮೇಲೇರುವ ಆಯಿಲ್ ಕರಿಯನ್ನು ತೊಳೆದುಬಿಡುವುದರಿಂದ ಹೀಗಾಗುತ್ತದೆ. ಬೋರಿನ ಗೋಡೆಯಲ್ಲಿ ಹೋನಿಂಗ್‌ನ (ಗೋಡೆ ಉಜ್ಜಿ ಮೂಡಿಸುವ) ಓರೆ ಗೆರೆಗಳು ಇನ್ನೂ ಕಾಣುತ್ತಿದ್ದವು, ಉದ್ದುದ್ದ ಗೀರು ಇರಲಿಲ್ಲ.

ಇನ್ನು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಗೇಜ್‌ನಲ್ಲಿ ನೋಡುವುದು. ಬಿಸಿ ಎಂಜಿನ್, ಮೂರೂ ಪ್ಲಗ್ ಹೊರಗೆ, ಕಾಯಿಲ್ ಮತ್ತು ಇಂಜೆಕ್ಟರ್ ಕಪ್ಲರ್ ಕಿತ್ತು, ಎಕ್ಸಲರೇಟರ್ ಪೂರ್ತಿ ತುಳಿದು, ಮುಳ್ಳು ಏರುವುದು ನಿಲ್ಲುವ ತನಕ ಸೆಲ್ಫ್ ಹೊಡೆಯಬೇಕು. ಬ್ಯಾಟರಿ ವೀಕ್ ಇದ್ದರೆ ರೀಡಿಂಗ್ ಸುಳ್ಳು. ನನಗೆ ಸಿಕ್ಕಿದ್ದು 172, 165, 170 ಪಿಎಸ್ಐ. ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ನೋಡಿದರೂ ಹೆಚ್ಚೇನೂ ಏರಲಿಲ್ಲ. ಇಪ್ಪತ್ತು ಮೂವತ್ತು ಜಿಗಿದಿದ್ದರೆ ರಿಂಗ್ ಅಥವಾ ಬೋರ್ ಸವೆದಿದೆ ಅಂತ ಅರ್ಥ.

ಗ್ಯಾರೇಜಿನಲ್ಲಿ ಎಡವುವುದು ಇಲ್ಲೇ. ಪಿಸ್ಟನ್ನಿಗೆ ಮೂರು ರಿಂಗ್. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು. ಬೋರಿನ ಗೋಡೆಯ ಆಯಿಲ್ ಕೆರೆದು ಕೆಳಗೆ ಕಳಿಸುವುದು ಮೂರನೆಯದು. ಅದು ಎರಡು ತೆಳು ಪಟ್ಟಿ, ನಡುವೆ ಒಂದು ಸ್ಪ್ರಿಂಗಿನ ಜೋಡಣೆ. ಕೆರೆದ ಆಯಿಲ್ ರಿಂಗ್ ಕೂರುವ ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ತೂತುಗಳಿಂದ ಒಳಗಿಳಿಯಬೇಕು. ಆಯಿಲ್ ಬದಲಿಸುವುದು ತಡವಾದರೆ ಆ ತೂತುಗಳಲ್ಲಿ ಕರಿ ಕಟ್ಟುತ್ತದೆ, ಪಟ್ಟಿಗಳು ಅಂಟಿಕೊಳ್ಳುತ್ತವೆ. ಕಂಪ್ರೆಷನ್ ಚೆನ್ನಾಗಿಯೇ ಇರುತ್ತದೆ, ಪಿಕಪ್ ಇರುತ್ತದೆ, ಆಯಿಲ್ ಮಾತ್ರ ಹೋಗುತ್ತಿರುತ್ತದೆ. ಸವೆದ ರಿಂಗಿಗೆ ಔಷಧವಿಲ್ಲ, ಅಂಟಿದ ರಿಂಗಿಗೆ ಉಂಟು.

ನಾನು ಬಳಸಿದ್ದು ಆಸಿಟೋನ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಸಮ ಪ್ರಮಾಣದಲ್ಲಿ. ಎರಡೂ ಬೇಗ ಬೇರೆಯಾಗುತ್ತವೆ, ಹಾಕುವ ಮುಂಚೆ ಪ್ರತಿ ಸಲ ಕುಲುಕಬೇಕು. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿ ನೆಗೆಟಿವ್ ಕಳಚಿ, ಕೈಗೆ ಗ್ಲೌಸ್ ಹಾಕಿ. ಆಸಿಟೋನ್ ಬೆಂಕಿಗೆ ಪೆಟ್ರೋಲಿನಷ್ಟೇ ಹತ್ತಿರ, ಪೇಂಟನ್ನೂ ತಿನ್ನುತ್ತದೆ. ಎಂಜಿನ್ ಉಗುರುಬೆಚ್ಚಗಿರುವಾಗ ಪ್ರತಿ ಸಿಲಿಂಡರಿಗೆ ಸಿರಿಂಜಿನಿಂದ 40 ಮಿ.ಲೀ. ಬಿಟ್ಟು, ಪ್ಲಗ್‌ಗಳನ್ನು ಸಡಿಲವಾಗಿ ಕೂರಿಸಿ ರಾತ್ರಿಯಿಡೀ ಬಿಟ್ಟೆ. ಮಧ್ಯೆ ಒಂದೆರಡು ಸಲ ಐದನೇ ಗೇರಿಗೆ ಹಾಕಿ ಕಾರನ್ನು ಅರ್ಧ ಅಡಿ ಮುಂದಕ್ಕೆ ತಳ್ಳಿದರೆ ಪಿಸ್ಟನ್ ಸ್ವಲ್ಪ ಆಡುತ್ತದೆ. ಬೆಳಿಗ್ಗೆ ಒಂದು ಮತ್ತು ಮೂರರಲ್ಲಿ ದ್ರವ ಇಳಿದುಹೋಗಿತ್ತು, ಎರಡರಲ್ಲಿ ಹಾಗೇ ನಿಂತಿತ್ತು. ಎರಡಕ್ಕೆ ಮತ್ತೆ ಹಾಕಿ ಇನ್ನೊಂದು ರಾತ್ರಿ ಬಿಟ್ಟ ಮೇಲೆ ಅದೂ ಇಳಿಯಿತು.

ಮುಂದಿನ ಕ್ರಮದಲ್ಲಿ ಒಂದು ಹೆಜ್ಜೆಯೂ ಹಿಂದೆಮುಂದಾಗಬಾರದು. ಸಿಲಿಂಡರಿನಲ್ಲಿ ಉಳಿದದ್ದನ್ನು ಸಿರಿಂಜ್ ಪೈಪಿನಿಂದ ಎಳೆದು ತೆಗೆಯಿರಿ. ಚೇಂಬರಿನ ಆಯಿಲ್ ಪೂರ್ತಿ ಇಳಿಸಿ, ಅದರಲ್ಲಿ ಆಸಿಟೋನ್ ಸೇರಿದೆ, ಆ ಆಯಿಲ್‌ನಲ್ಲಿ ಸ್ಟಾರ್ಟ್ ಮಾಡಿದರೆ ಬೇರಿಂಗ್ ಹಾಳು. ಹೊಸ ಫಿಲ್ಟರ್ ಹಾಕಿ, ಸಾಧಾರಣ ದರ್ಜೆಯ ಹೊಸ ಆಯಿಲ್ ತುಂಬಿ. ತೊಳೆದುಹೋದ ಗೋಡೆಗಳಿಗೆ ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಡಿ. ಪ್ಲಗ್ ಹಾಕದೆ, ತೂತುಗಳ ಮೇಲೆ ದಪ್ಪ ಬಟ್ಟೆ ಹೊದಿಸಿ, ಕಾಯಿಲ್ ಮತ್ತು ಇಂಜೆಕ್ಟರ್ ಕಪ್ಲರ್ ಹೊರಗಿರುವಾಗಲೇ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯಿರಿ. ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ಒಳಗೆ ಉಳಿದ ದ್ರವ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಗ ನಿಜವಾಗಿಯೂ ಎಂಜಿನ್ ಇಳಿಸಬೇಕಾಗುತ್ತದೆ. ಬಟ್ಟೆ ಒಣಗಿ ಬರುವ ತನಕ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಕಾಲು ಗಂಟೆ ದಟ್ಟ ಬಿಳಿ ಹೊಗೆ ಬರುತ್ತದೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ರೇಸ್ ಮಾಡಬೇಡಿ. ಮುನ್ನೂರು ಕಿ.ಮೀ. ಹೈವೇಯಲ್ಲಿ ಹದವಾಗಿ ಓಡಿಸಿ ಆಯಿಲ್, ಫಿಲ್ಟರ್ ಮತ್ತೆ ಬದಲಿಸಿದೆ. ಇಳಿದ ಆಯಿಲ್ ಅಷ್ಟರಲ್ಲೇ ಡೀಸೆಲ್ ಎಂಜಿನ್ನಿನದರಂತೆ ಕಪ್ಪಾಗಿತ್ತು. ಬಳಕೆ ಮುನ್ನೂರು ಮಿ.ಲೀ.ಗೆ ಇಳಿಯಿತು. ಹತ್ತು ನಿಮಿಷ ಐಡಲ್ ಬಿಡಿ ಎನ್ನುವ ಫ್ಲಶ್ ಡಬ್ಬಿಗಳು ಚೇಂಬರ್ ತೊಳೆಯುತ್ತವೆ, ರಿಂಗಿನ ತೋಡಿಗೆ ಅಷ್ಟಾಗಿ ತಲುಪುವುದಿಲ್ಲ.

ಉಳಿದದ್ದು ಬೆಳಗಿನ ಭುಸ್ ಹೊಗೆ. ವಾಲ್ವ್ ಸೀಲ್ ಬದಲಿಸಲು ಹೆಡ್ ಎತ್ತಲೇಬೇಕೆಂದಿಲ್ಲ. ಆ ಸಿಲಿಂಡರಿನ ವಾಲ್ವ್‌ಗಳೆಲ್ಲ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಅರ್ಧ ಕೆಳಗಿರುವಾಗ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ತುದಿ ಹೊರಗೆ ಬಿಟ್ಟು, ಕ್ರ್ಯಾಂಕ್ ಪುಲ್ಲಿ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಗಿಯಾಗುವ ತನಕ ಪಿಸ್ಟನ್ ಮೇಲೆತ್ತಬೇಕು. ಹಗ್ಗ ವಾಲ್ವ್‌ಗಳನ್ನು ಕೆಳಗೆ ಬೀಳದಂತೆ ಹಿಡಿಯುತ್ತದೆ. ಮೊದಲು ಆಯಿಲ್ ಇಳಿಯುವ ತೂತುಗಳಿಗೆಲ್ಲ ಬಟ್ಟೆ ತುರುಕಿ. ಸ್ಪ್ರಿಂಗನ್ನು ಹಿಡಿದಿಡುವ, ವಾಲ್ವಿಗೆರಡರಂತೆ 24 ಪುಟ್ಟ ಲಾಕ್‌ಗಳಿವೆ, ಒಂದು ಒಳಗೆ ಬಿದ್ದರೂ ಚೇಂಬರ್ ಬಿಚ್ಚಬೇಕು. ರಾಕರ್ ಸರಿಸಿ, ಸ್ಪ್ರಿಂಗ್ ಒತ್ತಿ, ಲಾಕನ್ನು ಮ್ಯಾಗ್ನೆಟ್‌ನಿಂದ ಎತ್ತಿಕೊಂಡೆ. ಹೊರಬಂದ ಹಳೆಯ ಸೀಲ್ ಬೆರಳಲ್ಲಿ ಹಿಸುಕಿದರೆ ಪಟ್ ಎಂದು ಮುರಿಯಿತು. ಸ್ಪ್ರಿಂಗ್ ಇಲ್ಲದಿರುವಾಗಲೇ ವಾಲ್ವ್ ಕಾಂಡವನ್ನು ಅಡ್ಡ ಅಲ್ಲಾಡಿಸಿ ನೋಡಿ. ಕೈಗೆ ಗೊತ್ತಾಗುವಷ್ಟು ಆಟವಿದ್ದರೆ ಕಾಂಡ ಓಡಾಡುವ ಗೈಡ್ ಸವೆದಿದೆ, ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ, ಹೆಡ್ ಲೇತಿಗೆ ಹೋಗಲೇಬೇಕು. ಹೊಸ ಸೀಲಿಗೆ ಆಯಿಲ್ ಹಚ್ಚಿ, ಲಾಕ್ ಕೂರುವ ತೋಡು ಸೀಲಿನ ತುಟಿ ಕೊಯ್ಯದಂತೆ ಕಾಂಡದ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಇಳಿಸಬೇಕು. ಕೊನೆಗೆ ಟ್ಯಾಪೆಟ್ ಗ್ಯಾಪ್ ಮ್ಯಾನ್ಯುಯಲ್‌ನಂತೆ ಹಾಕಿ, ಟ್ಯಾಪೆಟ್ ಕವರಿಗೆ ಹೊಸ ಪ್ಯಾಕಿಂಗ್.

ದಪ್ಪ ಆಯಿಲ್ ಹಾಕಿ ಮುಚ್ಚಿಡುವ ಸಲಹೆ ಎಲ್ಲರೂ ಕೊಡುತ್ತಾರೆ. 20ಡಬ್ಲ್ಯು-50 ಹಾಕಿದರೆ ಬಳಕೆ ಸ್ವಲ್ಪ ಇಳಿದಂತೆ ಕಾಣುತ್ತದೆ, ಅಂಟಿದ ರಿಂಗ್ ಅಂಟಿಯೇ ಇರುತ್ತದೆ. ಹೊಗೆ ನಿಲ್ಲಿಸುವ ಬಾಟಲಿಗಳೂ ಆಯಿಲ್ ದಪ್ಪ ಮಾಡುವುದರಲ್ಲೇ ಮುಗಿಯುತ್ತವೆ. ಕಾರು ಮಾರುವವರಿಗೆ ಅದು ಅನುಕೂಲ. ಮ್ಯಾನ್ಯುಯಲ್ ಹೇಳಿದ ಗ್ರೇಡನ್ನೇ 5,000 ಕಿ.ಮೀ.ಗೆ ಬದಲಿಸುತ್ತಿದ್ದೇನೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕಿ.ಮೀ. ಏರದೆ ಎಂಜಿನ್ ಗಂಟೆಗಟ್ಟಲೆ ಓಡಿರುತ್ತದೆ, ಓಡೋಮೀಟರ್ ಅದನ್ನು ತೋರಿಸುವುದಿಲ್ಲ.

ಇಷ್ಟಾದರೂ ಇಳಿಯದೆ, ಆಯಿಲ್ ಹಾಕಿ ಮಾಡುವ ಒದ್ದೆ ಟೆಸ್ಟಿನಲ್ಲಿ ಕಂಪ್ರೆಷನ್ ಜಿಗಿಯುತ್ತಿದ್ದರೆ ಎಂಜಿನ್ ಕೆಲಸವೇ ಗತಿ. ಆಗಲೂ ಲೇತಿನವರಿಂದ ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ ಅಳತೆ ತೆಗೆಸಿ, ಅಂಕಿ ಬರೆಸಿಕೊಳ್ಳಿ. ಸವೆತ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗ್ ಸೆಟ್ ಸಾಕು. ಹೋನಿಂಗ್ ಇಲ್ಲದೆ ಕನ್ನಡಿಯಂತಾದ ಬೋರಿಗೆ ಹೊಸ ರಿಂಗ್ ಹಾಕಿದರೆ ಅದು ಕೂರುವುದೇ ಇಲ್ಲ. ಮಿತಿ ದಾಟಿದ್ದರೆ ಓವರ್‌ಸೈಜ್ ಪಿಸ್ಟನ್ ಕೈಗೆ ಬಂದ ಮೇಲೆ, ಅದರ ಅಳತೆಗೆ ಬೋರಿಂಗ್. ಬೋರ್ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಿಕೊಂಡು ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಅಲೆಯುವುದು ಬೇಡ.

ಸಾವಿರ ಕಿ.ಮೀ.ಗೆ ಮುನ್ನೂರು ಮಿ.ಲೀ. ಒಳಗಿದ್ದರೆ ನನ್ನ ಪ್ರಕಾರ ಎಂಜಿನ್ ಮುಟ್ಟಬೇಕಿಲ್ಲ. ವರ್ಷಕ್ಕೆ ಹತ್ತು ಸಾವಿರ ಓಡಿದರೂ ಟಾಪ್‌ಅಪ್‌ಗೆ ಹೋಗುವುದು ಮೂರು ಲೀಟರ್. ಡಿಪ್‌ಸ್ಟಿಕ್ ನೋಡುವುದು ಮಾತ್ರ ತಪ್ಪಬಾರದು, ಏಕೆಂದರೆ ಡ್ಯಾಷ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ತೋರಿಸುವುದು ಒತ್ತಡವನ್ನು, ಲೆವೆಲ್ ಅನ್ನಲ್ಲ. ತಿರುವಿನಲ್ಲಿ ಅದು ಒಮ್ಮೆ ಮಿನುಗಿದರೂ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಡಿಕ್ಕಿಯಲ್ಲಿ ಅದೇ ಗ್ರೇಡಿನ ಅರ್ಧ ಲೀಟರ್ ಮತ್ತು ಒಂದು ಆಲಿಕೆ ಯಾವಾಗಲೂ ಇರಲಿ.