ಉಪ್ಪಿನ ಪಾಕೀಟಿನ ಮೇಲೆ ತಾರೀಖು ಬರೆಸಿದೆವು: ಆಶಾ ತರಬೇತಿಯ ನನ್ನ ಅನುಭವ

ನಾಲ್ಕು ವರ್ಷದ ಹಿಂದೆ ಒಂದು ಮೀಟಿಂಗ್‌ನಲ್ಲಿ ನನಗೆ ಕೆಲವರು ಎಲ್ಲರ ಎದುರಿಗೇ ಹೇಳಿದ್ದರು: "ಸಿಸ್ಟರ್, ಆಶಾದವ್ರ ಕೈಲೆ ಬಿಪಿ, ಉಪ್ಪು ಅಂತ ಮಾಡ್ಸಾಕ ಹೋಗಬ್ಯಾಡ್ರಿ. ಬಸುರ್ಯಾರ ಲಿಸ್ಟ್ ಸರಿಯಾಗಿ ತಂದ್ರ ಸಾಕು." ಈ ವರ್ಷ ಅದೇ ಜನ ನಮ್ಮ ಹಳ್ಳಿಗಳ ಬಿಪಿ, ಉಪ್ಪಿನ ರಿಜಿಸ್ಟರ್ ಕೇಳಿ ತರಿಸಿಕೊಂಡು ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ತರಬೇತಿ ಕೊಡುವ ಕೆಲಸದಲ್ಲಿರುವವರಿಗಾಗಿ.

ನಾನು ನರ್ಸ್. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಒಂದು ಸಣ್ಣ ಸಂಸ್ಥೆ ಸೇರಿ, ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ 14 ಹಳ್ಳಿಗಳ 22 ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸ ಹಿಡಿದೆ. ಜೋಳ, ಶೇಂಗಾ ಬೆಳೆಯುವ ಒಣ ಸೀಮೆ. ವರ್ಷದಲ್ಲಿ ನಾಲ್ಕೈದು ತಿಂಗಳು ಅರ್ಧ ಊರು ಗುಳೆ ಹೋಗಿರುತ್ತದೆ.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೇ ಮಾಡಿದೆ. ತಾಲೂಕಿನಲ್ಲಿ ಹಾಲ್, ಐದು ದಿನ, ಪ್ರೊಜೆಕ್ಟರ್, ಬಣ್ಣದ ಫ್ಲಿಪ್ ಚಾರ್ಟ್, ಊಟ, ಬ್ಯಾಗು. ಹತ್ತಿರ ಹತ್ತಿರ 60 ಸಾವಿರ ಖರ್ಚಾಯಿತು. ಕೊನೆಯ ದಿನದ ಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆ ಮಾರ್ಕ್ಸ್ ಬಂತು. ನಾನೂ ಖುಷಿಯಾಗಿ ವರದಿ ಬರೆದೆ.

ಮೂರು ವಾರ ಆದಮೇಲೆ ಒಬ್ಬ ಆಶಾ ಜೊತೆ ಮನೆ ಮನೆಗೆ ಹೋದೆ. ಆಕೆ ಬಾಗಿಲಲ್ಲೇ ನಿಂತು, ನಾವು ಕಲಿಸಿದ ಹನ್ನೆರಡು ಮಾತುಗಳನ್ನು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸಿದಳು. ಉಪ್ಪು ಕಮ್ಮಿ ಮಾಡ್ರಿ, ಎಣ್ಣಿ ಕಮ್ಮಿ ಮಾಡ್ರಿ, ತಂಬಾಕ ಬಿಡ್ರಿ, ನಡೀರಿ, ಕಾಯಿಪಲ್ಯ ತಿನ್ರಿ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕೈ ನಿಲ್ಲಿಸದೆ "ಆತ್ ಬಿಡವಾ" ಅಂದಳು. ಅಷ್ಟೇ. 60 ಸಾವಿರ ರೂಪಾಯಿ ಆ "ಆತ್ ಬಿಡವಾ" ದಲ್ಲಿ ಹೋಯಿತು ಅಂತ ನನಗೆ ಅಲ್ಲೇ ಗೊತ್ತಾಯಿತು.

ವಾಪಸ್ ಬರುವಾಗ ಆಕೆ ನನ್ನನ್ನು ಕೇಳಿದಳು, "ಅಕ್ಕಾರ, ನಂದೊಂದಿಷ್ಟ್ ಬಿಪಿ ನೋಡ್ತೀರೇನ್ರಿ? ಯಾರೂ ನೋಡಿಲ್ಲ." ಕಟ್ಟೆ ಮೇಲೆ ಕೂರಿಸಿ ನೋಡಿದೆ. ಮೇಲಿನದು 160 ದಾಟಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ, ಅಷ್ಟೇ ಇತ್ತು. ಐದು ದಿನ ಬಿಪಿ ಬಗ್ಗೆ ಪಾಠ ಮಾಡಿದ್ದೆ. ಪಾಠ ಕೇಳುತ್ತಾ ಕೂತವಳ ತೋಳಿಗೆ ಒಂದು ಸಲವೂ ಪಟ್ಟಿ ಕಟ್ಟಿರಲಿಲ್ಲ.

ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಬೇರೆ ಏನನ್ನೂ ಮಾಡಲಿಲ್ಲ, 22 ಜನರದ್ದೂ ಪರೀಕ್ಷೆ ಮಾಡಿದೆ. ಆರು ಜನರಿಗೆ ಬಿಪಿ 140/90ಕ್ಕಿಂತ ಮೇಲೆ, ಅಂದರೆ ಜಾಸ್ತಿ ಇತ್ತು, ಅದರಲ್ಲಿ ಇಬ್ಬರಿಗೆ ಮಾತ್ರ ಮೊದಲೇ ಗೊತ್ತಿತ್ತು. ಹಿಮೋಗ್ಲೋಬಿನ್ ಅರ್ಧಕ್ಕಿಂತ ಜಾಸ್ತಿ ಜನರಿಗೆ 12ರ ಕೆಳಗೆ, ಅಂದರೆ ರಕ್ತಹೀನತೆ. ಊರಿನ ಗರ್ಭಿಣಿಯರಿಗೆಲ್ಲಾ ಕಬ್ಬಿಣದ ಗುಳಿಗೆ ಹಂಚುವವರು ಇವರೇ ಅಲ್ವಾ? ಅವತ್ತು ನಾನು ತೀರ್ಮಾನ ಮಾಡಿದೆ: ಏನೇ ಕಲಿಸಿದರೂ ಮೊದಲ ಎರಡು ತಿಂಗಳು ಆಶಾ ಮನೆಯಲ್ಲೇ ಆಗಬೇಕು. ಅವಳ ಅಡಿಗೆ, ಅವಳ ಅತ್ತೆ, ಅವಳ ಗಂಡ. ಅಲ್ಲಿ ನಡೆದರೆ ಮಾತ್ರ ಪಕ್ಕದ ಮನೆಗೆ ಹೋಗುವುದು.

ತರಬೇತಿಯ ರೀತಿಯನ್ನೂ ಬದಲಿಸಿದೆ. ಮಹಾರಾಷ್ಟ್ರದ ಜಾಮ್ಖೇಡ್‌ನಲ್ಲಿ ಆರೋಳೆ ಅನ್ನುವ ಡಾಕ್ಟರ್ ದಂಪತಿ 1970ರಲ್ಲಿ ಕೆಲಸ ಶುರು ಮಾಡಿ, ಹೆಚ್ಚು ಓದಿಲ್ಲದ ಹಳ್ಳಿ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದ್ದರು. ಅಲ್ಲಿ ಹೆಂಗಸರು ವಾರ ವಾರ ಬಂದು ಸ್ವಲ್ಪ ಸ್ವಲ್ಪ ಕಲಿತು ಹೋಗುತ್ತಿದ್ದರು. ನಮಗೆ ವಾರ ವಾರ ಆಗಲಿಲ್ಲ. ತಿಂಗಳಿಗೆ ಎರಡು ಸಲ ಅರ್ಧ ದಿನ, ಹನ್ನೊಂದು ಹನ್ನೊಂದು ಜನರ ಎರಡು ಗುಂಪು, ಹಾಲ್ ಬೇಡ, ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ. ಎರಡು ತಿಂಗಳಿಗೆ ಒಂದೇ ವಿಷಯ. ಒಂದು ಗಂಟೆ ಮಾತು, ಉಳಿದ ಹೊತ್ತು ಅದೇ ಓಣಿಯ ಮನೆಗಳಲ್ಲಿ ಕೆಲಸ.

ಹಣದ ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ಬಸ್ಸು, ಟಂಟಂ ಖರ್ಚಿಗೆ ತಲಾ 150, ಚಹಾ ಉಪ್ಪಿಟ್ಟಿಗೆ 50. ತಿಂಗಳಿಗೆ ಎರಡು ಸಲ, 22 ಜನ, ಒಟ್ಟು 8,800. ಹಣ ಕೊಡುವವರು ಮೊದಲು "ಚಾರ್ಜ್ ಯಾಕೆ, ಅವರಿಗೆ ಗೌರವಧನ ಬರುತ್ತಲ್ಲ" ಅಂದರು. ನಾನು ಒಪ್ಪಿಕೊಂಡು ತಪ್ಪು ಮಾಡಿದೆ. ಮೂರನೇ ತಿಂಗಳು ಬಂದವರು 9 ಜನ. ಮೂವತ್ತು ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆಯಂಥವು ಬರುವ ಅಪಾಯ ಎಷ್ಟು ಅಂತ ಕೇಳಿ ಬರೆಯುವ ಸಿಬ್ಯಾಕ್ ಫಾರ್ಮ್ ತುಂಬಿದರೆ ಆಗ ಆಶಾಗೆ ಸಿಗುತ್ತಿದ್ದದ್ದು 10 ರೂಪಾಯಿ. ಒಂದು ಕೂಸಿನ ಮನೆಗೆ 42 ದಿನದಲ್ಲಿ ಆರು ಸಲ ಹೋಗಿ ಬಂದರೆ 250. ಅಂಥವಳಿಗೆ ಸ್ವಂತ ದುಡ್ಡಲ್ಲಿ ಬಾ ಅನ್ನುವುದು ಅನ್ಯಾಯ. ನಾಲ್ಕನೇ ತಿಂಗಳಿಂದ ಅವತ್ತಿನದು ಅವತ್ತೇ, ಕೈಯಲ್ಲಿ ನಗದು ಕೊಟ್ಟೆವು. ಅಲ್ಲಿಂದ ಇಲ್ಲಿವರೆಗೆ ಹಾಜರಿ 20ರ ಕೆಳಗೆ ಇಳಿದದ್ದು ಎರಡೇ ಸಲ, ಎರಡೂ ಸಲ ಪೋಲಿಯೋ ಹನಿ ಹಾಕುವ ವಾರ.

ಬಿಪಿ ಮಷಿನ್‌ನಲ್ಲಿ ಕೈ ಸುಟ್ಟುಕೊಂಡೆ. ಅಗ್ಗಕ್ಕೆ ಸಿಕ್ಕಿತು ಅಂತ 1,100 ರೂಪಾಯಿಯವು ಎಂಟು ತಂದೆ. ಐದು ತಿಂಗಳಲ್ಲಿ ಐದು ಕೆಟ್ಟವು. ಉಳಿದ ಮೂರರಲ್ಲಿ ಎರಡು, ಆಸ್ಪತ್ರೆಯ ಮಷಿನ್‌ಗಿಂತ 15-20 ಜಾಸ್ತಿ ತೋರಿಸುತ್ತಿದ್ದವು. ಆಶಾ ಕಳಿಸಿದವರನ್ನು ಅಲ್ಲಿ "ನಿಮಗೇನೂ ಇಲ್ಲ" ಅಂತ ವಾಪಸ್ ಕಳಿಸಿದರು. ಆಕೆಯ ಮಾತಿನ ಬೆಲೆ ಹೋಯಿತು. ಆ ನಂಬಿಕೆ ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು. ಆಮೇಲೆ ತೋಳಿಗೆ ಕಟ್ಟುವ ದೊಡ್ಡ ಪಟ್ಟಿಯೂ ಇರುವ ನಾಲ್ಕು ಒಳ್ಳೆ ಮಷಿನ್ ತಂದೆವು, ಒಂದಕ್ಕೆ 2,200ರ ಹತ್ತಿರ. ಐದಾರು ಜನಕ್ಕೆ ಒಂದು. ಪ್ರತಿ ತಿಂಗಳು ಆಸ್ಪತ್ರೆಯ ಮಷಿನ್ ಪಕ್ಕ ಇಟ್ಟು ಒಬ್ಬರದೇ ತೋಳಿಗೆ ಒಂದಾದ ಮೇಲೊಂದು ಕಟ್ಟಿ ತಾಳೆ ನೋಡುತ್ತೇವೆ. ಇದನ್ನು ಮಾತ್ರ ಒಂದು ತಿಂಗಳೂ ಬಿಡಬೇಡಿ. ಹೊಲದ ಕೆಲಸ ಮಾಡುವ ಗಟ್ಟಿ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಸುಮ್ನೆ ಜಾಸ್ತಿ ಬರುತ್ತದೆ.

ಐದು ನಿಮಿಷ ಕೂರಿಸಬೇಕು, ಕೈ ಎದೆಯ ಮಟ್ಟಕ್ಕೆ ಇರಬೇಕು ಅಂತ ನಾವೆಲ್ಲಾ ಹೇಳುತ್ತೇವೆ. ಆದರೆ ನಮ್ಮ ಮನೆಗಳಲ್ಲಿ ಟೇಬಲ್ ಎಲ್ಲಿದೆ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಕೈ ತೊಡೆ ಮೇಲೆ ಬೀಳುತ್ತದೆ. ಇದಕ್ಕೆ ದಾರಿ ಹುಡುಕಿದ್ದು ನಾನಲ್ಲ, ಒಬ್ಬ ಆಶಾ. ಜೋಳದ ಹಿಟ್ಟಿನ ಡಬ್ಬಿ ಎಳೆದು, ಮೇಲೊಂದು ಕೌದಿ ಮಡಚಿಟ್ಟು, ಅದರ ಮೇಲೆ ಕೈ ಇಡಿಸಿದಳು. ಸರಿಯಾಗಿ ಎದೆಯ ಮಟ್ಟ. ಹಿಟ್ಟಿನ ಡಬ್ಬಿ ಇಲ್ಲದ ಮನೆ ಇಲ್ಲ. ಈಗ 22 ಜನರೂ ಹಾಗೇ ಮಾಡುತ್ತಾರೆ. ಮುದುಕರಿಗೆ ಮೊದಲು ಬಾಯಿಯಲ್ಲಿನ ತಂಬಾಕು ಉಗುಳಿ ಬರಲು ಹೇಳಿ, ಆಮೇಲೆ ಅರ್ಧ ಗಂಟೆ ಊರ ಸುದ್ದಿ ಮಾತಾಡಿಸುತ್ತಾರೆ. ಪಟ್ಟಿ ಕಟ್ಟಿದ ಮೇಲೆ ಮಾತ್ರ ಇಬ್ಬರೂ ಬಾಯಿ ಮುಚ್ಚಬೇಕು.

ಈಗ ಉಪ್ಪು. "ಕಮ್ಮಿ ತಿನ್ರಿ" ಅಂದರೆ ಎಲ್ಲರ ಉತ್ತರ ಒಂದೇ: "ನಾವ್ ಕಮ್ಮೀನ ತಿಂತೀವ್ರಿ." ಅದಕ್ಕೆ ಅಳತೆ ಬೇಕಿತ್ತು. ತಕ್ಕಡಿ ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಉಪ್ಪಿನ ಒಂದು ಕಿಲೋ ಪಾಕೀಟು ಒಡೆದ ದಿನ ಅದರ ಮೇಲೇ ತಾರೀಖು ಬರೆಯಿರಿ, ಮುಗಿದ ದಿನ ಖಾಲಿ ಪಾಕೀಟನ್ನು ಎತ್ತಿಡಿ ಅಂದೆ. ಅಷ್ಟೇ. ಐದು ಜನರ ಮನೆಯಲ್ಲಿ 18 ದಿನಕ್ಕೆ ಮುಗಿದರೆ ದಿನಕ್ಕೆ ಒಬ್ಬರಿಗೆ 11 ಗ್ರಾಂ. 25 ದಿನ ಬಂದರೆ 8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಮ್ಮಿ. ಪಾಕೀಟಿನ ಉಪ್ಪೆಲ್ಲಾ ಹೊಟ್ಟೆಗೇ ಹೋಗುತ್ತದೆ ಅಂತಲ್ಲ. ಆದರೆ ತಮ್ಮ ಮನೆಯ ಲೆಕ್ಕ ತಮ್ಮ ಕೈಯಲ್ಲೇ ಸಿಕ್ಕಿದಾಗ ಹೆಂಗಸರು ವಾದ ಮಾಡುವುದಿಲ್ಲ.

ಮೊದಲ ಸುತ್ತಿನಲ್ಲಿ ಲೆಕ್ಕ ಪೂರ್ತಿ ಕೆಟ್ಟಿತು. ಒಬ್ಬ ಆಶಾ ಮನೆಯಲ್ಲಿ ಒಂಬತ್ತು ದಿನಕ್ಕೆ ಒಂದು ಕಿಲೋ ಖಾಲಿ. ಆಕೆಗೆ ಅಳುವೇ ಬಂತು. ವಿಚಾರಿಸಿದರೆ ಅತ್ತೆ ಎಮ್ಮೆಯ ಕಲಗಚ್ಚಿಗೆ ಅದೇ ಪಾಕೀಟಿನಿಂದ ಹಿಡಿ ಹಿಡಿ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಮತ್ತೆ ಎಲ್ಲಾ ಏರುಪೇರು. ಆಗ ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿ ಹಾಕುವ ಕಾಲ. ಈಗ ದನಕ್ಕೆ ಬೇರೆ ಉಪ್ಪು, ಉಪ್ಪಿನಕಾಯಿಗೆ ಬೇರೆ ಪಾಕೀಟು, ಮಾರ್ಚಿಯಿಂದ ಮೇವರೆಗೆ ಲೆಕ್ಕವನ್ನೇ ಹಿಡಿಯುವುದಿಲ್ಲ. ಒಂದು ಎಚ್ಚರಿಕೆ: ದನಕ್ಕೆ ಅಂತ ತಂದ ಬಿಡಿ ಕಲ್ಲುಪ್ಪು ಅಡಿಗೆಗೆ ಬರದ ಹಾಗೆ ನೋಡಿಕೊಳ್ಳಿ. ಅದರಲ್ಲಿ ಅಯೋಡಿನ್ ಇರುವ ಭರವಸೆ ಇಲ್ಲ.

ನಮ್ಮ ಕಡೆ ಒಂದು ಅನುಕೂಲ ಇದೆ. ಜೋಳದ ರೊಟ್ಟಿಗೆ ಉಪ್ಪು ಹಾಕುವುದೇ ಕಮ್ಮಿ. ಉಪ್ಪು ಇರುವುದು ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಅನ್ನ ಸಾರಿನಲ್ಲಿ. ಅದಕ್ಕೆ ರೊಟ್ಟಿ ಮುಟ್ಟಲಿಲ್ಲ. ಮೊದಲ ತಿಂಗಳು ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲು ಮುಂದೆ ಇಡಬೇಡಿ, ಅಷ್ಟೇ. ಎರಡನೇ ತಿಂಗಳು ವಾರಕ್ಕೆ ಒಂದು ಚಿಟಿಕೆ ಇಳಿಸುವುದು, ಬಡಿಸುವಾಗ ಒಂದು ಹೋಳು ಲಿಂಬಿಹಣ್ಣು ಇಡುವುದು. ಒಬ್ಬಳು ಅವಸರ ಮಾಡಿ ಒಂದೇ ದಿನ ಅರ್ಧಕ್ಕೆ ಇಳಿಸಿದಳು. ಗಂಡ ತಾಟು ಬಿಟ್ಟು ಎದ್ದು ಹೋದ. ಆಮೇಲೆ ಚಿಟಿಕೆ ಲೆಕ್ಕದಲ್ಲಿ ಇಳಿಸಿದಾಗ ಅವನಿಗೆ ಗೊತ್ತೇ ಆಗಲಿಲ್ಲ. ಆರು ವಾರ ಆದಮೇಲೆ ಮದುವೆ ಊಟಕ್ಕೆ ಹೋಗಿ ಬಂದು "ಭಾಳ ಉಪ್ಪ ಹಾಕ್ಯಾರ" ಅಂದನಂತೆ. ಆ ಮಾತನ್ನು ಆಕೆ ಮುಂದಿನ ಮೀಟಿಂಗ್‌ನಲ್ಲಿ ಹೇಳಿದಾಗ ಎಲ್ಲರ ಮುಖದಲ್ಲಿ ಬಂದ ಕಳೆ ನನ್ನ ಯಾವ ಫ್ಲಿಪ್ ಚಾರ್ಟಿನಿಂದಲೂ ಬಂದಿರಲಿಲ್ಲ.

ಅತ್ತೆಯಂದಿರನ್ನು ಒಪ್ಪಿಸಲು ಎರಡು ದಾರಿ ಇವೆ. ಒಂದು, ಅವರ ಬಿಪಿಯನ್ನೇ ಮೊದಲು ನೋಡುವುದು. ಇನ್ನೊಂದು, ಪಾಕೀಟಿನ ಲೆಕ್ಕವನ್ನು ಅವರ ಕೈಗೇ ಕೊಡುವುದು. ಮೂರನೆಯದೂ ಒಂದಿದೆ, ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಅದೇ. ಅದನ್ನು ಬರೆಯುವುದಿಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಗುಳಿಗೆ ವಿಷಯದಲ್ಲಿ ನಮ್ಮನ್ನು ಸೋಲಿಸುತ್ತಿದ್ದದ್ದು ಗುಳೆ. ಉಪಕೇಂದ್ರದಲ್ಲಿ ಒಂದು ತಿಂಗಳಿಗೆ ಗುಳಿಗೆ ತಗೊಂಡವರು ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಅಲ್ಲಿಗೆ ಮುಗಿಯಿತು. ತಲೆ ಸುತ್ತು ನಿಂತರೆ ಬಿಪಿ ಹೋಯಿತು ಅಂತ ಅವರ ಲೆಕ್ಕ. ಈಗ ಬಿತ್ತನೆ ಕೆಲಸ ಮುಗಿಯುವ ಹೊತ್ತಿಗೆ ಯಾರು ಹೊರಡುತ್ತಾರೆ ಅಂತ ಆಶಾ ಪಟ್ಟಿ ಮಾಡುತ್ತಾಳೆ. ಡಾಕ್ಟರಿಗೆ ಮೊದಲೇ ತೋರಿಸಿ, ಅವರು ಬರೆದುಕೊಟ್ಟರೆ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೇ ಕಟ್ಟಿ ಕಳಿಸುತ್ತೇವೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಅಂತ ಊರಿಗೆ ಬಂದಾಗ ಮತ್ತೆ ಬಿಪಿ ನೋಡುವುದು. ಜಾತ್ರೆಯ ಹಿಂದು ಮುಂದಿನ ಹತ್ತು ದಿನ ನಮಗೆ ವರ್ಷದಲ್ಲೇ ಹೆಚ್ಚು ಕೆಲಸ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರಕ್ತಹೀನತೆಗೆ ಅಂತ 15 ಕಬ್ಬಿಣದ ಬಾಣಲೆ ಕೊಡಿಸಿದೆ, ಒಂದಕ್ಕೆ 400ರಂತೆ. ತುಕ್ಕು ಹಿಡಿಯಿತು, ಪಲ್ಯ ಕಪ್ಪಾಯಿತು, ಮುಕ್ಕಾಲು ಪಾಲು ಮೂಲೆ ಸೇರಿದವು. ಅದಕ್ಕಿಂತ ಒಂದೂ ರೂಪಾಯಿ ಖರ್ಚಿಲ್ಲದ ಮಾತು ಕೆಲಸ ಮಾಡಿತು: ಕಬ್ಬಿಣದ ಗುಳಿಗೆ ನುಂಗಿದ ಮೇಲೆ ಒಂದು ಗಂಟೆ ಚಹಾ ಬೇಡ. ನಮ್ಮಲ್ಲಿ ಗುಳಿಗೆಯನ್ನು ಚಹಾದ ಜೊತೆಗೇ ನುಂಗುತ್ತಿದ್ದರು. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಲಿಂಬಿಹಣ್ಣು ಹತ್ತಿಸುತ್ತದೆ. ಆಮೇಲೆ 60 ನುಗ್ಗೆ ಸಸಿ ಹಂಚಿದೆ. ಆಡು ತಿಂದು ಉಳಿದದ್ದು ಹನ್ನೊಂದು. ಬೇಲಿಗೆ ದುಡ್ಡಿಲ್ಲದೆ ಸಸಿ ಕೊಡಬೇಡಿ.

ತಂಬಾಕಿನಲ್ಲಿ ಮಾತ್ರ ನನ್ನ ಕೈಲಿ ಹೆಚ್ಚು ಆಗಿಲ್ಲ. ಎರಡು ವರ್ಷದಲ್ಲಿ ಪೂರ್ತಿ ಬಿಟ್ಟವರು ಊರಿಗೆ ಇಬ್ಬರು ಮೂವರು. ಅದರಲ್ಲೂ ಹೆಚ್ಚಿನವರು ಬಾಯಿಯಲ್ಲಿ ಹುಣ್ಣಾಗಿ ಹೆದರಿದವರು. ಇದಕ್ಕೆ ಬೇರೆ ದಾರಿ ಹುಡುಕಬೇಕು, ಹುಡುಕುತ್ತಿದ್ದೇನೆ.

ಉಳಿದದ್ದರ ಲೆಕ್ಕ, ನೆನಪಿನಿಂದ ಹೇಳುವುದಾದರೆ: ಬಿಪಿ ಇರುವವರ ಪಟ್ಟಿಯಲ್ಲಿ ಈಗ 900ರ ಹತ್ತಿರ ಜನ. ಶುರುವಿನಲ್ಲಿ ತಿಂಗಳು ತಪ್ಪದೆ ಗುಳಿಗೆ ತಗೊಳ್ಳುತ್ತಿದ್ದವರು ಮೂರರಲ್ಲಿ ಒಬ್ಬರು, ಈಗ ಮೂರರಲ್ಲಿ ಇಬ್ಬರು. ಪಾಕೀಟಿನ ಲೆಕ್ಕ ಬಿಡದೆ ಇಟ್ಟ ಮನೆಗಳು ಸುಮಾರು 300. ಅಲ್ಲಿ 18-19 ದಿನಕ್ಕೆ ಮುಗಿಯುತ್ತಿದ್ದ ಉಪ್ಪು 25 ದಿನ ಬರುತ್ತಿದೆ. ಇನ್ನೂ 5 ಗ್ರಾಂಗೆ ಬಂದಿಲ್ಲ, ಆದರೂ ಈ ಆರೇಳು ದಿನ ನನಗೆ ದೊಡ್ಡದು. ಇದನ್ನು ಮಾಡಿದ್ದು ಈ 22 ಜನ. ಮೊದಲ ದಿನ ಕಟ್ಟೆ ಮೇಲೆ ಕೂತು ತೋಳು ಚಾಚಿದವಳ ಬಿಪಿ ಈಗ 130ರ ಆಸುಪಾಸು ಇದೆ. ಪಕ್ಕದ ಹೋಬಳಿಯ ಹೊಸ ಗುಂಪಿಗೆ ಬಿಪಿ ನೋಡುವುದನ್ನು ಕಲಿಸುವವಳು ಆಕೆಯೇ. ನಾನು ಹಿಂದೆ ಕೂತಿರುತ್ತೇನೆ.

ಶುರು ಮಾಡುವವರು ಮಷಿನ್‌ಗಿಂತ ಮೊದಲು ಮಾರ್ಕರ್ ಪೆನ್ ತಗೊಳ್ಳಿ, ಮನೆಗೊಂದು. ಬಾಲ್ ಪೆನ್ ಪ್ಲಾಸ್ಟಿಕ್ ಮೇಲೆ ಮೂಡುವುದಿಲ್ಲ, ಸ್ಕೆಚ್ ಪೆನ್ನಿನದು ಒದ್ದೆ ಕೈ ತಾಗಿದರೆ ಅಳಿಸಿಹೋಗುತ್ತದೆ. ನಾವು ಎರಡು ತಿಂಗಳ ತಾರೀಖು ಹಾಗೇ ಕಳಕೊಂಡೆವು.